ಪೊಟೋಮ್ಯಾಕ್ ಸಂಗಮದಲ್ಲಿ ಇನ್ನೂರು ಡಾಲರಿನ ಗಾಳ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ಅಪ್ಪ-ಅಮ್ಮಂದಿರ ಪ್ರವಾಸದ ಪಟ್ಟಿ ಹೆಚ್ಚುಕಡಿಮೆ ಒಂದೇ. ನಯಾಗರಾ ಜಲಪಾತ, ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿ, ವಾಷಿಂಗ್ಟನ್ನಿನ ಶ್ವೇತಭವನ, ನಡುವೆ ಒಂದೆರಡು ದೇವಸ್ಥಾನ. ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣದ ಒಂದು ಪುಟ್ಟ ಊರಿನ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಎರಡು ನದಿಗಳು ಕೂಡುವ ಊರು ಅದು. ಆ ನೀರಿನಲ್ಲಿ ಮೀನು ಹಿಡಿಯಲು ಇನ್ನೂರು ಡಾಲರಿನ ಮಿತಿಯಲ್ಲಿ ಏನೇನು ಕೊಂಡೆ, ಏನೇನು ಬಿಟ್ಟೆ ಎಂಬುದನ್ನೂ ಹೇಳುತ್ತೇನೆ. ಮುಂದಿನ ಬೇಸಿಗೆಗೆ ವೀಸಾ ಹಿಡಿದು ಕೂತಿರುವ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಊರಿನ ಹೆಸರು ಹಾರ್ಪರ್ಸ್ ಫೆರ್ರಿ. ವಾಷಿಂಗ್ಟನ್ನಿನಿಂದ ವಾಯವ್ಯಕ್ಕೆ ಸುಮಾರು 100 ಕಿಲೋಮೀಟರ್. ಊರಿರುವುದು ವೆಸ್ಟ್ ವರ್ಜೀನಿಯಾದಲ್ಲಿ. ಎದುರು ದಡ ಮೇರಿಲ್ಯಾಂಡ್. ಇನ್ನೊಂದು ಪಕ್ಕದ ಗುಡ್ಡ ದಾಟಿದರೆ ವರ್ಜೀನಿಯಾ. ಪಶ್ಚಿಮದಿಂದ ಪೊಟೋಮ್ಯಾಕ್, ದಕ್ಷಿಣದಿಂದ ಶೆನಾಂಡೋವಾ ಬಂದು ಇಲ್ಲಿ ಕೂಡಿ, ಬೆಟ್ಟದ ಸಾಲನ್ನು ಸೀಳಿಕೊಂಡು ಒಂದೇ ನದಿಯಾಗಿ ಪೂರ್ವಕ್ಕೆ ಹೋಗುತ್ತವೆ. ಕೂಡಲಸಂಗಮ, ತಿರುಮಕೂಡಲು ನೋಡಿದ ಕಣ್ಣು ಇಲ್ಲೂ ಮೊದಲು ಗುಡಿಯನ್ನೇ ಹುಡುಕುತ್ತದೆ. ಗುಡಿ ಇರಬೇಕಾದ ಮೂಲೆಯಲ್ಲಿ ಇಲ್ಲಿರುವುದು ರೈಲು ಸೇತುವೆ. ಅದರ ಪಕ್ಕಕ್ಕೇ ಅಂಟಿಕೊಂಡು ನಡೆದು ಹೋಗುವವರಿಗೆ ಒಂದು ದಾರಿ ಇದೆ. ಜಾರ್ಜಿಯಾದಿಂದ ಮೇನ್ ತನಕ ಸಾಗುವ ಅಪಲೇಚಿಯನ್ ಕಾಲುಹಾದಿ ಇದೇ ಸೇತುವೆಯ ಮೇಲೆ ನದಿ ದಾಟುತ್ತದೆ.

ಊರಿನ ಜನಸಂಖ್ಯೆ ಮುನ್ನೂರಕ್ಕೂ ಕಡಿಮೆ. ಚರಿತ್ರೆ ಮಾತ್ರ ದೊಡ್ಡದು. 1783ರಲ್ಲಿ ಇಲ್ಲಿಗೆ ಬಂದಿದ್ದ ಥಾಮಸ್ ಜೆಫರ್ಸನ್, ಈ ನೋಟವೊಂದಕ್ಕಾಗಿ ಅಟ್ಲಾಂಟಿಕ್ ಸಾಗರ ದಾಟಿ ಬಂದರೂ ಸಾರ್ಥಕವೇ ಎಂಬ ಅರ್ಥದಲ್ಲಿ ತನ್ನ ಪುಸ್ತಕದಲ್ಲಿ ಬರೆದ. ಮುಂಬೈಯಿಂದ ಹದಿನಾರು ಗಂಟೆ ಕಾಲು ಮಡಚಿ ಕೂತು ಬಂದವನು ಈ ಮಾತನ್ನು ಪರೀಕ್ಷಿಸದೆ ಬಿಡುವುದುಂಟೇ? 1859ರಲ್ಲಿ ಜಾನ್ ಬ್ರೌನ್ ಎಂಬವನು ಗುಲಾಮರ ಬಿಡುಗಡೆಗಾಗಿ ದಂಗೆ ಎಬ್ಬಿಸಲು ಇಲ್ಲಿನ ಸರಕಾರಿ ಶಸ್ತ್ರಾಗಾರದ ಮೇಲೆ ದಾಳಿ ಮಾಡಿದ, ಸೆರೆಸಿಕ್ಕ, ಗಲ್ಲಿಗೇರಿದ. ಅದಾದ ಎರಡು ವರ್ಷದೊಳಗೆ ಅಂತರ್ಯುದ್ಧ ಶುರುವಾಯಿತು. ಆ ಯುದ್ಧದಲ್ಲಿ ಈ ಊರು ಎಂಟು ಸಲ ಕೈ ಬದಲಾಯಿಸಿತು. ಈಗ ಊರಿನ ಬಹುಭಾಗ ರಾಷ್ಟ್ರೀಯ ಚಾರಿತ್ರಿಕ ಉದ್ಯಾನ. ಬಂದವರು ಹಳೆಯ ಕಟ್ಟಡ ನೋಡಿ, ಐಸ್‌ಕ್ರೀಂ ತಿಂದು, ಸಂಗಮದಲ್ಲಿ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನೀರಿನ ನಡುವೆ ಸೊಂಟದವರೆಗೆ ನಿಂತು ಕೋಲು ಬೀಸುತ್ತಿರುವ ನಾಲ್ಕಾರು ಜನರನ್ನು ಹೆಚ್ಚಿನವರು ಗಮನಿಸುವುದಿಲ್ಲ. ನಾನು ಮೊದಲ ಸಲ ಹೋದಾಗಲೇ ನನ್ನ ಕಣ್ಣು ಅವರ ಮೇಲೆಯೇ ನಿಂತುಬಿಟ್ಟಿತು.

ರೈಲಿನಲ್ಲಿ ಬಂದ ಮೀನು

ಅವರು ಹಿಡಿಯುತ್ತಿದ್ದ ಮೀನು ಸ್ಮಾಲ್‌ಮೌತ್ ಬಾಸ್. ಈ ಬಾಸ್‌ಗೂ ಆಫೀಸಿನ ಬಾಸ್‌ಗೂ ಸಂಬಂಧವಿಲ್ಲ. ಕಂಚಿನ ಬಣ್ಣ, ಪಕ್ಕೆಯ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿ, ಕೆಂಪು ಕಣ್ಣು. ಇದರ ದೊಡ್ಡಬಾಯಿಯ ಸೋದರ ಲಾರ್ಜ್‌ಮೌತ್ ಬಾಸ್ ಕೆರೆ, ಹೊಂಡ, ನಿಂತ ನೀರಿನಲ್ಲಿ ಹೆಚ್ಚು. ಬಾಯಿ ಮುಚ್ಚಿದಾಗ ದವಡೆಯ ತುದಿ ಕಣ್ಣನ್ನು ದಾಟಿ ಹಿಂದಕ್ಕೆ ಹೋದರೆ ಲಾರ್ಜ್‌ಮೌತ್, ದಾಟದಿದ್ದರೆ ಸ್ಮಾಲ್‌ಮೌತ್. ಹರಿಯುವ ನೀರು, ಬಂಡೆ, ಮರಳುಗಲ್ಲು ಇರುವ ಕಡೆ ಈ ಚಿಕ್ಕಬಾಯಿಯವನ ವಾಸ. ಎರಡು ಕಿಲೋ ತೂಗಿದರೆ ಈ ನದಿಯಲ್ಲಿ ದೊಡ್ಡ ಮೀನು ಎಂದೇ ಲೆಕ್ಕ. ಆದರೆ ಗಾಳಕ್ಕೆ ಸಿಕ್ಕಿದ ಕೂಡಲೇ ನೀರಿನಿಂದ ಮೇಲಕ್ಕೆ ಹಾರಿ ತಲೆ ಕೊಡವುವ ಇದರ ಹಟ ಕಿಲೋ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಈಗ ಪೊಟೋಮ್ಯಾಕ್ ಎಂದರೆ ಸ್ಮಾಲ್‌ಮೌತ್ ಎನ್ನುವಷ್ಟು ಹೆಸರು. ಆದರೆ ಇದು ಈ ನದಿಯ ಮೀನೇ ಅಲ್ಲ. ಅಪಲೇಚಿಯನ್ ಬೆಟ್ಟಸಾಲಿನ ಆಚೆ, ಓಹಾಯೊ ನದಿಯ ಕಡೆ ಇದರ ಮೂಲ. 1850ರ ದಶಕದ ಆರಂಭದಲ್ಲಿ ಬಾಲ್ಟಿಮೋರ್ ಮತ್ತು ಓಹಾಯೊ ರೈಲುಮಾರ್ಗ ಬೆಟ್ಟ ದಾಟಿ ವೀಲಿಂಗ್ ಎಂಬ ಊರು ಮುಟ್ಟಿತು. 1854ರಲ್ಲಿ ಜನರಲ್ ವಿಲಿಯಂ ಶ್ರೈವರ್ ಎಂಬವರು ಆ ಕಡೆಯ ಹೊಳೆಯಿಂದ ಕೆಲವು ಬಾಸ್ ಮೀನುಗಳನ್ನು ಹಿಡಿಸಿ, ತೂತು ಕೊರೆದ ಬಕೆಟ್ಟಿನಲ್ಲಿ ಹಾಕಿ, ಅದನ್ನು ಉಗಿಬಂಡಿಯ ನೀರಿನ ತೊಟ್ಟಿಯೊಳಗೆ ಇಳಿಬಿಟ್ಟು ಈ ಕಡೆ ತಂದರು. ಕಂಬರ್ಲ್ಯಾಂಡ್ ಊರಿನಲ್ಲಿ ಕಾಲುವೆಗೆ ಬಿಟ್ಟರು. ಕಾಲುವೆಯಿಂದ ನದಿಗೆ ಇಳಿದವು. ಕೆಲವೇ ವರ್ಷಗಳಲ್ಲಿ ನೂರಾರು ಮೈಲಿ ಹರಡಿಕೊಂಡವು. ಒಂದು ಬಕೆಟ್ ಹಿಡಿಸುವಷ್ಟು ಮೀನಿನ ಸಂತಾನ ಇವತ್ತು ಇಡೀ ನದಿಯ ಗುರುತಾಗಿದೆ. ರೈಲು ಹತ್ತಿ ಪರವೂರಿಗೆ ಬಂದು ಅಲ್ಲಿಯವರೇ ಆಗಿಹೋದ ನಮಗೆ ಈ ಕಥೆ ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ.

ನದಿಯ ಒಡೆತನದ ಜಗಳವೂ ಇಲ್ಲಿ ಉಂಟು. 1632ರಲ್ಲಿ ಇಂಗ್ಲೆಂಡಿನ ರಾಜ ಕೊಟ್ಟ ಸನ್ನದಿನ ಪ್ರಕಾರ ಪೊಟೋಮ್ಯಾಕ್ ದಕ್ಷಿಣ ದಡದವರೆಗೂ ಮೇರಿಲ್ಯಾಂಡಿಗೇ ಸೇರಿದ್ದು. ಎದುರು ದಡದ ವರ್ಜೀನಿಯಾ ನೀರೆತ್ತಲು ಮೇರಿಲ್ಯಾಂಡಿನ ಅಪ್ಪಣೆ ಬೇಕೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, 2003ರಲ್ಲಿ ವರ್ಜೀನಿಯಾದ ಪರವಾಗಿ ತೀರ್ಪು ಬಂತು. ಕಾವೇರಿ, ಕೃಷ್ಣಾ, ಮಹದಾಯಿ ಕೇಳಿಕೊಂಡೇ ತಲೆ ನರೆತ ನಮಗೆ ಇದೇನು ಹೊಸ ಸುದ್ದಿಯಲ್ಲ.

ಇದೇ ನೀರಿನಲ್ಲಿ ಶುರುವಾದ ಒಬ್ಬನ ಕಥೆ

ಕೋಲು, ದಾರದ ಮಾತಿಗೆ ಹೋಗುವ ಮೊದಲು ಈ ಸಂಗಮಕ್ಕೆ ಸೇರಿದ ಒಬ್ಬ ಮನುಷ್ಯನನ್ನು ನೆನೆಯಲೇಬೇಕು. ಲೆಫ್ಟಿ ಕ್ರೆ. ಇಲ್ಲಿಂದ ಅರ್ಧ ಗಂಟೆ ದೂರದ ಫ್ರೆಡರಿಕ್ ಊರಿನಲ್ಲಿ 1925ರಲ್ಲಿ ಹುಟ್ಟಿದವನು. ಚಿಕ್ಕವನಿರುವಾಗಲೇ ತಂದೆ ತೀರಿಕೊಂಡರು, ಮನೆಯಲ್ಲಿ ಬಡತನ. ಹುಡುಗ ಮೊನೊಕಸಿ ನದಿಯಲ್ಲಿ ಕ್ಯಾಟ್‌ಫಿಶ್ ಹಿಡಿದು ಮಾರಿ ಮನೆಗೆ ನೆರವಾದ. ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದ.

1947ರಲ್ಲಿ ಜೋ ಬ್ರೂಕ್ಸ್ ಎಂಬ ಮೀನುಗಾರಿಕೆಯ ಲೇಖಕ ಅವನ ಜೊತೆ ಬಾಸ್ ಹಿಡಿಯಲು ಹಾರ್ಪರ್ಸ್ ಫೆರ್ರಿಗೆ ಬಂದ. ಕ್ರೆಯ ಕೈಯಲ್ಲಿದ್ದದ್ದು ಎಲ್ಲರಂತೆ ಸಾಮಾನ್ಯ ಕೋಲು. ಬ್ರೂಕ್ಸ್ ತಂದದ್ದು ಫ್ಲೈ ಕೋಲು. ಆ ದಿನ ರೆಕ್ಕೆ ಇರುವೆಗಳು ಗುಂಪುಗುಂಪಾಗಿ ನದಿ ದಾಟುತ್ತ ನೀರಿಗೆ ಬೀಳುತ್ತಿದ್ದವು. ಅವನ್ನು ತಿನ್ನಲು ಬಾಸ್ ಮೇಲೆದ್ದು ಬರುತ್ತಿದ್ದವು. ಬ್ರೂಕ್ಸ್ ಒಂದರ ಹಿಂದೆ ಒಂದು ಮೀನು ಹಿಡಿಯುವುದನ್ನು ಕಂಡ ಕ್ರೆ, ಆದದ್ದಾಗಲಿ ಇದನ್ನು ಕಲಿಯಲೇಬೇಕು ಎಂದು ಬಾಲ್ಟಿಮೋರಿಗೆ ಹೋದ. ಅಲ್ಲಿ ಟಾಕ್ಟರ್‌ಮನ್ ಎಂಬ ಅಂಗಡಿ, 1916ರಲ್ಲಿ ಶುರುವಾದದ್ದು. ಹೊರಗೆ ನೆಗೆಯುವ ಬಾಸ್ ಮೀನಿನ ನಿಯಾನ್ ಫಲಕ. ಬ್ರೂಕ್ಸ್‌ನೇ ನಿಂತು ಅವನಿಗೆ ಕೋಲು, ರೀಲು, ದಾರ ಆರಿಸಿಕೊಟ್ಟು ಬೀಸುವುದನ್ನೂ ತೋರಿಸಿಕೊಟ್ಟ. ಮುಂದೆ ಕ್ರೆ ಜಗತ್ತಿಗೇ ಫ್ಲೈ ಬೀಸುವುದನ್ನು ಕಲಿಸುವ ಗುರುವಾದ. ಅವನು ಕಟ್ಟಿದ ಒಂದು ಫ್ಲೈ 1991ರಲ್ಲಿ ಅಮೆರಿಕದ ಅಂಚೆಚೀಟಿಯ ಮೇಲೆ ಬಂತು. 2018ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡ.

ಈ ಕಥೆಯಲ್ಲಿ ನನಗೆ ಹಿಡಿಸಿದ್ದು ಅಂಗಡಿಯ ಭಾಗ. ತಿಳಿದವನೊಬ್ಬ ಪಕ್ಕದಲ್ಲಿ ನಿಂತು, ಇದು ಬೇಕು, ಅದು ಬೇಡ ಎಂದು ಹೇಳುವುದು. ಹೊಸಬನಿಗೆ ಅಷ್ಟೇ ಬೇಕಾದದ್ದು.

ಇನ್ನೂರೇ ಯಾಕೆ

ನಾನು ಹುಟ್ಟಿದ್ದು ಹೊನ್ನಾವರದ ಹತ್ತಿರ, ಶರಾವತಿ ಸಮುದ್ರ ಸೇರುವ ಕಡೆ. ಬಿದಿರು ಕೋಲು, ನೈಲಾನ್ ದಾರ, ಸೀಸದ ಗುಂಡು, ಸಿಗಡಿಯ ಚೂರು ಸಿಕ್ಕಿಸಿದ ಗಾಳ. ಇಷ್ಟೇ ನಮ್ಮ ಸರಂಜಾಮು. ಹಿಡಿದದ್ದು ಸಾರಿಗೆ. ಕೆಲಸ ಸಿಕ್ಕಿ ಮುಂಬೈಗೆ ಬಂದ ಮೇಲೆ ಮೂವತ್ತೈದು ವರ್ಷ ಗಾಳ ಮುಟ್ಟಲಿಲ್ಲ. ಲೋಕಲ್ ಟ್ರೈನಿನಲ್ಲಿ ಠಾಣೆ ಖಾಡಿ ದಾಟುವಾಗ ಕಿಟಕಿಯಿಂದ ನೀರು ನೋಡಿದ್ದಷ್ಟೇ.

ಮಗಳು ಮೇರಿಲ್ಯಾಂಡಿನ ಗೇಥರ್ಸ್‌ಬರ್ಗಿನಲ್ಲಿದ್ದಾಳೆ. ಅಲ್ಲಿಗೆ ಹೋದ ನಮ್ಮಂಥವರ ಪಾಡು ಗೊತ್ತಲ್ಲ. ಬೆಳಿಗ್ಗೆ ಎಂಟಕ್ಕೆ ಮನೆ ಖಾಲಿ. ಹಾಲು ಬೇಕಾದರೂ ಕಾರು, ಕ್ಷೌರಕ್ಕೂ ಕಾರು. ಪ್ರತಿಯೊಂದಕ್ಕೂ ಮಕ್ಕಳ ಕಾರು, ಮಕ್ಕಳ ಕಾರ್ಡು. ಅವರು ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಜೀವನವಿಡೀ ತನ್ನ ಜೇಬಿಗೆ ತಾನೇ ಕೈ ಹಾಕಿದವನಿಗೆ ಎರಡನೇ ತಿಂಗಳಿಗೆ ಅದು ಚುಚ್ಚತೊಡಗುತ್ತದೆ. ಮೀನು ಹಿಡಿಯುವ ಆಸೆ ಹೇಳಿಕೊಂಡ ರಾತ್ರಿಯೇ ಅಳಿಯ ಸಾವಿರ ಡಾಲರಿನ ಕೋಲೊಂದನ್ನು ಫೋನಿನಲ್ಲಿ ತೋರಿಸಿ, “ಮಾವ, ಇದು ಬೆಸ್ಟ್ ಅಂತೆ, ಆರ್ಡರ್ ಮಾಡ್ಲಾ?” ಎಂದ. ಬೇಡ ಎಂದೆ. ಬರುವಾಗ ನನ್ನ ಪಿಂಚಣಿಯಿಂದ ಬದಲಾಯಿಸಿ ತಂದ ಡಾಲರಿನಲ್ಲಿ ಇನ್ನೂರು ಎತ್ತಿಟ್ಟೆ. ನಮ್ಮ ಲೆಕ್ಕದಲ್ಲಿ ಸುಮಾರು 17,000 ರೂಪಾಯಿ. ಎಲ್ಲವೂ ಅದರೊಳಗೇ ಆಗಬೇಕು ಎಂದು ಹೇಳಿಬಿಟ್ಟೆ.

ದಾರದ ತೂಕ, ತೊಲದ ಲೆಕ್ಕ

ಫ್ಲೈ ಗಾಳ ಎಂದರೆ ಏನು ಎಂಬುದನ್ನು ಮೊದಲು ಹೇಳುತ್ತೇನೆ; ಇದು ಅರ್ಥವಾದರೆ ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಬೇಡ ಎಂಬುದು ತಾನಾಗಿ ಗೊತ್ತಾಗುತ್ತದೆ. ನಮ್ಮ ಊರಿನ ಗಾಳದಲ್ಲಿ ಸೀಸದ ಗುಂಡು ಹಾರುತ್ತದೆ, ದಾರ ಅದರ ಹಿಂದೆ ಹೋಗುತ್ತದೆ. ಫ್ಲೈ ಗಾಳದಲ್ಲಿ ಕೊಕ್ಕೆಗೆ ಗರಿ, ಕೂದಲು, ನೂಲು ಸುತ್ತಿ ಮಾಡಿದ ಹುಸಿ ಹುಳ ಇರುತ್ತದೆ. ಅದಕ್ಕೆ ತೂಕವೇ ಇಲ್ಲ. ಎಸೆದರೆ ಕಾಲ ಬುಡದಲ್ಲೇ ಬೀಳುತ್ತದೆ. ಆದ್ದರಿಂದ ದಾರವನ್ನೇ ದಪ್ಪ ಮಾಡಿ, ಪ್ಲಾಸ್ಟಿಕ್ ಲೇಪಿಸಿ, ತೂಕ ತುಂಬಿರುತ್ತಾರೆ. ಕೋಲು ಬೀಸಿದಾಗ ಹಾರುವುದು ದಾರ. ಹುಳ ಅದರ ಬಾಲ ಹಿಡಿದು ಹೋಗುತ್ತದೆ.

ಈ ದಾರದ ತೂಕಕ್ಕೆ ನಂಬರುಗಳಿವೆ. ಮೊದಲ 30 ಅಡಿ ದಾರ ಎಷ್ಟು ಗ್ರೇನ್ ತೂಗುತ್ತದೆ ಎಂಬುದರ ಮೇಲೆ ನಂಬರು. 6ನೇ ನಂಬರು 160 ಗ್ರೇನ್, 7ನೇದು 185, 8ನೇದು 210. ಗ್ರೇನ್ ಎಂದರೆ ನಮಗೆ ತಲೆಬುಡ ತಿಳಿಯದು. ಆದರೆ ನಮ್ಮ ಹಳೆಯ ತೊಲ ಸರಿಯಾಗಿ 180 ಗ್ರೇನ್! ಅಂದರೆ 7ನೇ ನಂಬರಿನ ದಾರದ ಮೊದಲ 30 ಅಡಿ ಹೆಚ್ಚುಕಡಿಮೆ ಒಂದು ತೊಲ. ಆರು ಒಂದು ತೊಲಕ್ಕೆ ಸ್ವಲ್ಪ ಕಮ್ಮಿ, ಎಂಟು ಸ್ವಲ್ಪ ಜಾಸ್ತಿ. ಹೆಂಡತಿಗೆ ಹೀಗೆ ಹೇಳಿದ ಮೇಲೆ ಅವಳಿಗೂ ವಿಷಯ ಹಿಡಿಯಿತು.

ಟ್ರೌಟ್ ಎಂಬ ನಾಜೂಕು ಮೀನಿಗೆ 4, 5 ನಂಬರು ಸಾಕು. ಬಾಸ್‌ಗೆ ಹಾಕುವ ಹುಳ ದೊಡ್ಡದು, ಗಾಳಿಗೆ ಅಡ್ಡ ನಿಲ್ಲುವಂಥದ್ದು. ಹಗುರ ದಾರ ಅದನ್ನು ಎಳೆದೊಯ್ಯಲಾರದು. ಹರಿಯುವ ನದಿಯ ಸ್ಮಾಲ್‌ಮೌತ್‌ಗೆ 6 ಅಥವಾ 7. ಕೆರೆಯ ಕಳೆ ನಡುವಿನ ಲಾರ್ಜ್‌ಮೌತ್‌ಗೆ 8. ಎರಡೂ ಒಂದೇ ಕೋಲಿನಲ್ಲಿ ಆಗಬೇಕೆಂದರೆ 7. ನಾನು ಆರಿಸಿದ್ದು ಅದನ್ನೇ. ಕೋಲು, ದಾರ ಎರಡರ ಮೇಲೂ ಒಂದೇ ನಂಬರಿರಬೇಕು; ಚಪ್ಪಲಿಗೆ ಎಡ-ಬಲ ಇದ್ದಂತೆ.

ಏನು ಕೊಂಡೆ, ಎಷ್ಟು ಕೊಟ್ಟೆ

ಕೋಲು: 9 ಅಡಿಯದು, ನಾಲ್ಕು ತುಂಡು. ಅಂಗಡಿಯ ಹೊಸ ಕೋಲುಗಳಲ್ಲಿ ಬೆಲೆ ನೂರರಿಂದ ಹಿಡಿದು ಸಾವಿರ ಡಾಲರ್ ದಾಟುತ್ತದೆ. ಸಾವಿರದ್ದು ಹಗುರ, ಅರವತ್ತು-ಎಪ್ಪತ್ತು ಅಡಿ ಆಚೆಗೆ ಎಸೆಯಲು ಸುಲಭ. ಆದರೆ ಬಾಸ್ ಸಿಗುವುದು ಮೂವತ್ತು-ನಲವತ್ತು ಅಡಿಯೊಳಗೆ. ಅಷ್ಟು ದೂರಕ್ಕೆ ಸಾಧಾರಣ ಗ್ರಾಫೈಟ್ ಕೋಲು ಧಾರಾಳ ಸಾಕು. ಮೀನುಗಾರಿಕೆಯ ಅಂಗಡಿಯೊಂದರ ಹಿಂದಿನ ಮೂಲೆಯಲ್ಲಿ ಬಳಸಿದ ಕೋಲುಗಳ ಕಟ್ಟು ಇತ್ತು. ಅದರಲ್ಲೊಂದು ಸಿಕ್ಕಿತು, 70 ಡಾಲರ್. ಬಳಸಿದ್ದು ಕೊಳ್ಳುವಾಗ ನೋಡಬೇಕಾದ್ದು ಮೂರು: ತುಂಡುಗಳು ಕೂಡುವ ಜಾಗದಲ್ಲಿ ಬಿರುಕು ಇರಬಾರದು, ದಾರ ಹಾಯುವ ಉಂಗುರಗಳ ಒಳಗೆ ಹತ್ತಿ ಉಜ್ಜಿದರೆ ಎಳೆ ಸಿಕ್ಕಬಾರದು, ಸಿಕ್ಕಿತೆಂದರೆ ಉಂಗುರ ಸವೆದಿದೆ, ತುದಿಯ ತುಂಡು ಮುರಿದು ಗಿಡ್ಡ ಮಾಡಿದ್ದಾಗಿರಬಾರದು.

ರೀಲು: 25 ಡಾಲರ್. ಇಲ್ಲಿ ಜಿಪುಣತನ ಮಾಡಿ. ಸಮುದ್ರದ ದೊಡ್ಡ ಮೀನಿಗೆ ಒಳ್ಳೆಯ ಬ್ರೇಕಿರುವ ರೀಲು ಬೇಕು. ಬಾಸ್‌ಗೆ ಬೇಡ. ಬಾಸ್ ಸಿಕ್ಕಾಗ ಎಡಗೈಯಲ್ಲಿ ದಾರ ಎಳೆದುಕೊಂಡೇ ಹತ್ತಿರ ತರುವುದು. ರೀಲು ಎಂದರೆ ದಾರ ಸುತ್ತಿಡುವ ಡಬ್ಬಿ, ಅಷ್ಟೇ.

ದಾರ: 45 ಡಾಲರ್. ಕೋಲಿಗಿಂತಲೂ ಇದನ್ನು ನೋಡಿ ಆರಿಸಬೇಕು. ತೇಲುವ ದಾರ, ಮುಂಭಾಗದಲ್ಲಿ ತೂಕ ಹೆಚ್ಚಿರುವುದು. ಡಬ್ಬಿಯ ಮೇಲೆ ‘ಬಾಸ್’ ಎಂದೇ ಬರೆದಿರುತ್ತದೆ. ಅಗ್ಗದ ದಾರ ರೀಲಿನ ಸುರುಳಿಯನ್ನೇ ನೆನಪಿಟ್ಟುಕೊಂಡು ಸ್ಪ್ರಿಂಗಿನಂತೆ ನಿಲ್ಲುತ್ತದೆ. ಎಪ್ಪತ್ತು ಡಾಲರಿನ ಕೋಲಿಗೆ ಒಳ್ಳೆಯ ದಾರ ಹಾಕಿದರೆ ಮೀನು ಸಿಗುತ್ತದೆ. ಸಾವಿರದ ಕೋಲಿಗೆ ಕೆಟ್ಟ ದಾರ ಹಾಕಿದರೆ ಸಿಟ್ಟು ಮಾತ್ರ. ದಾರದ ಹಿಂದೆ ರೀಲು ತುಂಬಲು ಹಾಕುವ ಬ್ಯಾಕಿಂಗ್ ಎಂಬ ಗಟ್ಟಿ ನೂಲಿಗೆ 6.

ಲೀಡರ್: ದಪ್ಪ ದಾರಕ್ಕೂ ಹುಳಕ್ಕೂ ನಡುವೆ ಕಣ್ಣಿಗೆ ಕಾಣದ ಎಂಟೊಂಬತ್ತು ಅಡಿ ನೈಲಾನ್ ಬೇಕು, ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಸಿದ್ಧವಾದದ್ದು ಸಿಗುತ್ತದೆ, ಒಂದೊಂದಕ್ಕೂ ನಾಲ್ಕೈದು ಡಾಲರ್. ನಾನು 30, 20, 10 ಪೌಂಡ್ ತಾಳುವ ಮೂರು ನೈಲಾನ್ ಸುರುಳಿ ಕೊಂಡು ಮನೆಯಲ್ಲೇ ಗಂಟು ಹಾಕಿದೆ. 12 ಡಾಲರಿಗೆ ಇಡೀ ಬೇಸಿಗೆಗೆ ಸಾಲುವಷ್ಟು. ಊರಿನಲ್ಲಿ ಕಲಿತ ಗಂಟುಗಳನ್ನು ಬೆರಳು ಮರೆತಿರಲಿಲ್ಲ.

ಹುಳಗಳು: ಆರೇ ಆರು, 20 ಡಾಲರ್. ಅಂಗಡಿಯಲ್ಲಿ ಗೋಡೆ ತುಂಬ ಬಣ್ಣಬಣ್ಣದ ಹುಳಗಳು, ಸೀರೆ ಅಂಗಡಿಗೆ ಹೋದಂತೆ. ಎಲ್ಲ ಬಿಟ್ಟು ಮೂರು ಬಗೆ, ಎರಡೆರಡು. ನೀರಿನ ಮೇಲೆ ತೇಲುತ್ತ ಎಳೆದಾಗ ‘ಗುಳಕ್’ ಎನ್ನುವ ಪಾಪರ್, ಇದು ಬೆಳಗ್ಗೆ-ಸಂಜೆಗೆ. ನಡುನೀರಿಗೆ ವೂಲಿ ಬಗರ್, ಕಪ್ಪು ಗರಿಯದ್ದು. ತಳಕ್ಕೆ ಕ್ಲೌಸರ್ ಮಿನ್ನೋ: ಲೋಹದ ಎರಡು ಕಣ್ಣಿನ ಭಾರಕ್ಕೆ ಮುಳುಗುತ್ತ, ಕೊಕ್ಕೆ ಮೇಲ್ಮುಖವಾಗಿ ನಿಲ್ಲುವಂಥದ್ದು, ಬಂಡೆಗೆ ಸಿಕ್ಕಿಕೊಳ್ಳುವುದು ಕಮ್ಮಿ. ಇದನ್ನು 1980ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಸಸ್ಕ್ವೆಹಾನಾ ನದಿಯ ಬಾಸ್‌ಗಾಗಿ ಕಟ್ಟಿದವನು ಬಾಬ್ ಕ್ಲೌಸರ್. ಅದಕ್ಕೆ ಆ ಹೆಸರಿಟ್ಟವನು ನಮ್ಮ ಲೆಫ್ಟಿ ಕ್ರೆ.

ಕಪ್ಪು ಕನ್ನಡಕ: ಪೋಲರೈಸ್ಡ್, 18 ಡಾಲರ್. ಇದು ಶೋಕಿ ಅಲ್ಲ. ನೀರಿನ ಹೊಳಪು ಕಡಿಮೆಯಾಗಿ ತಳದ ಕಲ್ಲು ಕಾಣುತ್ತದೆ. ಬೀಸಿದ ಕೊಕ್ಕೆ ಕಣ್ಣಿಗೆ ಬಡಿಯದಂತೆ ಕಾಯುತ್ತದೆ. ಕೊಕ್ಕೆ ಬಿಡಿಸುವ ಇಕ್ಕಳ 4. ಅಲ್ಲಿಗೆ ಸರಿಯಾಗಿ ಇನ್ನೂರು.

ನೀರಿನಲ್ಲಿ ನಿಲ್ಲಲು ರಬ್ಬರಿನ ಉದ್ದ ಪ್ಯಾಂಟು ಬೇಡವೇ ಎಂದು ಅಂಗಡಿಯಲ್ಲಿ ಕೇಳಿದರು. ಜುಲೈ ಬಿಸಿಲಿಗೆ ಬೇಡ. ಹಳೆಯ ಬೂಟು, ಹಳೆಯ ಪ್ಯಾಂಟು ಸಾಕು. ಅಡಿಗೆ ಫೆಲ್ಟ್ ಬಟ್ಟೆ ಅಂಟಿಸಿದ ಬೂಟು ಮಾತ್ರ ಮೇರಿಲ್ಯಾಂಡಿನಲ್ಲಿ 2011ರಿಂದ ನಿಷೇಧ: ಒದ್ದೆ ಫೆಲ್ಟಿನಲ್ಲಿ ಒಂದು ಹೊಳೆಯ ಪಾಚಿ ಇನ್ನೊಂದಕ್ಕೆ ಹೋಗಿ ಹಬ್ಬುತ್ತದೆಂದು. ಲೈಫ್ ಜಾಕೆಟ್ಟು ಅಳಿಯನ ಗ್ಯಾರೇಜಿನಲ್ಲಿತ್ತು. ಊರುಗೋಲಿಗೆ ಹಳೆಯ ಪೊರಕೆಯ ಹಿಡಿ.

ನದಿಗೆ ಇಳಿದದ್ದು

ಎರಡು ವಾರ ಮನೆಯ ಹಿಂದಿನ ಹುಲ್ಲಿನ ಮೇಲೆ, ಕೊಕ್ಕೆ ಇಲ್ಲದೆ, ಕೆಂಪು ಉಣ್ಣೆಯ ಚೂರು ಕಟ್ಟಿ ಬೀಸಿದೆ. ಗುಟ್ಟು ಒಂದೇ: ದಾರ ಹಿಂದಕ್ಕೆ ಹೋಗಿ ಪೂರ್ತಿ ನೇರವಾಗುವ ತನಕ ಕಾಯಬೇಕು, ಆಮೇಲೆ ಮುಂದಕ್ಕೆ. ಬಲ ಹಾಕಿದಷ್ಟೂ ಕೆಡುತ್ತದೆ. ಪಕ್ಕದ ಮನೆಯ ಮುದುಕರು ಬೇಲಿಯ ಆಚೆಯಿಂದ ಮೂರು ದಿನ ನೋಡಿ, ನಾಲ್ಕನೇ ದಿನ ಬಂದು ನನ್ನ ಮಣಿಕಟ್ಟು ಹಿಡಿದು ಅದು ಬಗ್ಗದಂತೆ ನಿಲ್ಲಿಸಿ ತೋರಿಸಿದರು. ಅಲ್ಲಿಯವರೆಗೆ ನಮ್ಮಿಬ್ಬರ ನಡುವೆ ಕೈ ಬೀಸುವಷ್ಟೇ ಪರಿಚಯ. ಆಮೇಲೆ ಬೆಳಗಿನ ಕಾಫಿಯೂ ಒಟ್ಟಿಗೇ ಆಯಿತು. ಮಕ್ಕಳ ಊರಿನಲ್ಲಿ ಮಕ್ಕಳ ಮೂಲಕ ಅಲ್ಲದೆ ನನಗೆ ಸಿಕ್ಕ ಮೊದಲ ಸ್ನೇಹಿತರು ಅವರು.

ಜುಲೈ ತಿಂಗಳ ಒಂದು ಶನಿವಾರ ನಸುಕಿಗೇ ಮಗಳು ಕಾರಿನಲ್ಲಿ ಬಿಟ್ಟಳು. ಲೈಸೆನ್ಸು ಹಿಂದಿನ ರಾತ್ರಿಯೇ ಆನ್‌ಲೈನಿನಲ್ಲಿ ಆಗಿತ್ತು. ನೀರಿನ ಮಟ್ಟವನ್ನೂ ಸರಕಾರದ ಭೂಸರ್ವೇಕ್ಷಣ ಇಲಾಖೆಯ ಮಾಪಕದಲ್ಲಿ ನೋಡಿಯೇ ಹೊರಟಿದ್ದೆವು. ಈ ಸಂಗಮ ಶಾಂತವಾಗಿ ಕಂಡರೂ ಜನ ಮುಳುಗಿ ಸತ್ತ ಜಾಗ. ಮೇರಿಲ್ಯಾಂಡ್ ಕಡೆಯ ದಡದಿಂದ, ಮೊಣಕಾಲ ಮೇಲೆ ನೀರು ಬರದ ಕಡೆ, ಪೊರಕೆ ಹಿಡಿಯಿಂದ ತಳ ತಡವುತ್ತ ಇಳಿದೆ. ಬಂಡೆಯ ಸಾಲುಗಳು ನದಿಗೆ ಅಡ್ಡವಾಗಿ ಮೆಟ್ಟಿಲಿನಂತೆ ಮಲಗಿವೆ. ಮಂಜು ಇನ್ನೂ ಎದ್ದಿರಲಿಲ್ಲ. ಸೇತುವೆಯ ಮೇಲೆ ಗೂಡ್ಸ್ ಗಾಡಿ ಹೋಗುತ್ತಲೇ ಇತ್ತು. ಆ ಸದ್ದಿಗೆ ಮುಂಬೈ ನೆನಪಾಗದಿರಲು ಸಾಧ್ಯವೇ ಇಲ್ಲ.

ಪಾಪರ್ ಕಟ್ಟಿ ಬಂಡೆಯ ಹಿಂದಿನ ನಿಂತ ನೀರಿಗೆ ಹಾಕಿದೆ. ಅಲೆ ಅಡಗುವ ತನಕ ಬಿಟ್ಟು ಒಮ್ಮೆ ಎಳೆದೆ. ಗುಳಕ್. ಇನ್ನೊಮ್ಮೆ. ಒಂದು ಗಂಟೆ ಏನೂ ಇಲ್ಲ. ಆಮೇಲೆ ಒಂದು ಎಸೆತದಲ್ಲಿ ಪಾಪರ್ ಇದ್ದ ಜಾಗದಲ್ಲಿ ನೀರು ಒಡೆಯಿತು. ಮೀನು ಗಾಳಿಗೆ ಹಾರಿತು, ಕಂಚಿನ ಚೂರು ಎಸೆದಂತೆ. ಎರಡನೇ ಸಲ ಹಾರಿದಾಗ ಕೋಲು ಬುಡದವರೆಗೂ ಬಾಗಿತು. ದಡದಲ್ಲಿ ಕೂತಿದ್ದ ಹೆಂಡತಿ, ಅವಲಕ್ಕಿ ಡಬ್ಬಿ ಬದಿಗಿಟ್ಟು ಎದ್ದು ನಿಂತಳು. ಹನ್ನೆರಡು ಅಂಗುಲದ ಮೀನು. ಕೈ ಒದ್ದೆ ಮಾಡಿಕೊಂಡು, ನೀರಿನಲ್ಲೇ ಹಿಡಿದು ಕೊಕ್ಕೆ ತೆಗೆದೆ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಮೊದಲೇ ಚಪ್ಪಟೆ ಮಾಡಿದ್ದರಿಂದ ಸಲೀಸಾಗಿ ಬಂತು. ಅಂಗೈ ತೆರೆದೆ. ಒಂದು ಕ್ಷಣ ಅಲ್ಲೇ ನಿಂತಿತ್ತು, ಆಮೇಲೆ ಇರಲಿಲ್ಲ.

“ಹಿಡ್ದು ಬಿಡುದಾದ್ರೆ ಹಿಡಿಯುದೆಂತಕ್ಕೆ ಮಾರಾಯ್ರೆ?” ಎಂದಳು ಹೆಂಡತಿ.

ಹೊನ್ನಾವರದವಳ ಪ್ರಶ್ನೆ. ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಅರ್ಧ ಉತ್ತರ ನದಿಯೇ ಕೊಡುತ್ತದೆ. ಮೇಲಿನ ಹೊಲಗಳಿಂದ, ಊರುಗಳಿಂದ ಬರುವ ರಾಸಾಯನಿಕಗಳು ಈ ನೀರಿನಲ್ಲಿವೆ. ಪೊಟೋಮ್ಯಾಕಿನ ಗಂಡು ಬಾಸ್‌ಗಳೊಳಗೆ ಮೊಟ್ಟೆಯ ಅಂಶ ಇರುವುದನ್ನು 2003ರಲ್ಲಿ ವಿಜ್ಞಾನಿಗಳು ಕಂಡರು. ಯಾವ ಮೀನನ್ನು ಎಷ್ಟು ತಿನ್ನಬಹುದು ಎಂದು ಸರಕಾರವೇ ಸೂಚನೆ ಕೊಡುತ್ತದೆ. ಉಳಿದರ್ಧ ಉತ್ತರ ನನ್ನೊಳಗಿನದು. ಆ ಬೆಳಗ್ಗೆ ಆ ನದಿಯಲ್ಲಿ ಯಾರ ಅಪ್ಪನೂ, ಯಾರ ಮಾವನೂ ಆಗದೆ, ನನ್ನ ದುಡ್ಡಿನ ಕೋಲು ಹಿಡಿದು ನಾನೇ ನಿಂತಿದ್ದೆ. ಅದು ಸಾರಿಗೆ ಸಿಗುವಂಥದ್ದಲ್ಲ. ಇದನ್ನು ಅವಳಿಗೆ ಹೇಳಲಿಲ್ಲ. “ಮುಂದಿನ ಸಲ ನೀನೂ ಬೀಸಿ ನೋಡು” ಎಂದೆ. ಸೆಪ್ಟೆಂಬರಿನ ಹೊತ್ತಿಗೆ ನಿಜಕ್ಕೂ ಬೀಸಿದಳು.

ಲೋಣಾವಳದಿಂದ ಕಾವೇರಿಗೆ

ರೈಲಿನಲ್ಲಿ ಬಂದ ಬಾಸ್‌ನ ಕಥೆ ಕೇಳಿದಾಗ ಚಂದ. ಇಂಥದ್ದೇ ಒಂದು ಕಥೆ ನಮ್ಮಲ್ಲೂ ಇದೆ, ಅದರ ಒಂದು ತುದಿ ಪುಣೆಯಲ್ಲಿ, ಇನ್ನೊಂದು ಕಾವೇರಿಯಲ್ಲಿ. ನೀಲಿ ರೆಕ್ಕೆಯ ಮಹಶೀರ್ ಮೀನನ್ನು ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ 1839ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ್ದು ಪುಣೆಯ ಮುಳಾ-ಮುಠಾ ನದಿಯಿಂದ. ಶೃಂಗೇರಿಯ ತುಂಗೆಯಲ್ಲಿ ನಾವು ಕಡಲೆಪುರಿ ಹಾಕುವ ದೇವರ ಮೀನುಗಳಲ್ಲೂ ಇದರ ಬಳಗವಿದೆ. ಲೋಣಾವಳದ ವಳವಣ ಕೆರೆಯ ಬಳಿ ಟಾಟಾ ವಿದ್ಯುತ್ ಕಂಪನಿ 1970ರ ದಶಕದಿಂದ ಇದರ ಮರಿ ಮಾಡಿಸಿ, ಅಳಿಯುತ್ತಿರುವ ಮೀನನ್ನು ಉಳಿಸುವ ಒಳ್ಳೆಯ ಉದ್ದೇಶದಿಂದ ದೇಶದ ಹಲವು ನದಿಗಳಿಗೆ ಕಳಿಸಿತು. ಕಾವೇರಿಗೂ ಬಿಟ್ಟರು.

ಆದರೆ ಕಾವೇರಿಯಲ್ಲಿ ಅದರದ್ದೇ ಆದ ಮಹಶೀರ್ ಇತ್ತು: ಬೆನ್ನು ಗೂನು, ಕಿತ್ತಳೆ ರೆಕ್ಕೆ, ಐವತ್ತು ಕಿಲೋ ದಾಟುವಂಥದ್ದು. ಕಾವೇರಿ ಕೊಳ್ಳ ಬಿಟ್ಟು ಬೇರೆಲ್ಲೂ ಇಲ್ಲದ್ದು. ಹೊಸ ಮೀನು ಹೆಚ್ಚಿದಂತೆ ಹಳೆಯದು ಕಾಣದಾಯಿತು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದಿನ ಬೇಟೆ ಕೂಡ ಕಾರಣವೇ. 2018ರಲ್ಲಿ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಗೊತ್ತಾಗುವಷ್ಟರಲ್ಲಿ, ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿದೆ ಎಂದೂ ಸಾರಬೇಕಾಯಿತು. ಹಾಗಾಗಿ ಪರವೂರಿಗೆ ಬಂದು ನೆಲೆನಿಂತ ಮೀನನ್ನು ಕಂಡು ನಮ್ಮ ಹಾಗೇ ಎಂದು ಖುಷಿಪಡುವಾಗ, ಅಲ್ಲಿ ಮೊದಲೇ ಇದ್ದವರು ಯಾರು, ಅವರಿಗೇನಾಯಿತು ಎಂದೂ ಕೇಳಿಕೊಳ್ಳುವುದು ಒಳ್ಳೆಯದು. ಕಾವೇರಿ ವನ್ಯಧಾಮದಲ್ಲಂತೂ ಈ ಕೋಲನ್ನು ಬಿಚ್ಚುವ ಯೋಚನೆ ನನಗಿಲ್ಲ.

ಹೋಗುವವರಿಗೆ

ವಸಂತದಲ್ಲಿ ಬಾಸ್ ಮೊಟ್ಟೆಯಿಡುವ ಕಾಲ. ಗಂಡು ಮೀನು ಗೂಡು ಕಾಯುತ್ತಿರುತ್ತದೆ, ಆಗ ಬಿಟ್ಟುಬಿಡಿ. ಜೂನ್ ಕೊನೆಯಿಂದ ಅಕ್ಟೋಬರ್ ತನಕ ಒಳ್ಳೆಯದು. ಕೆಲವೇ ದಿನಗಳ ಲೈಸೆನ್ಸೂ ಸಿಗುತ್ತದೆ. ನಿಯಮಗಳನ್ನು ಆ ವರ್ಷದ್ದೇ ನೋಡಿಕೊಳ್ಳಿ. ಮಳೆಯ ಮರುದಿನ ಹೋಗಬೇಡಿ. ಒಬ್ಬರೇ ನೀರಿಗಿಳಿಯಬೇಡಿ.

ವಾಪಸು ಬರುವಾಗ ಒಂಬತ್ತಡಿಯ ಕೋಲು ನಾಲ್ಕು ತುಂಡಾಗಿ ಸುಮಾರು ಎರಡೂಕಾಲು ಅಡಿಯಾಗುತ್ತದೆ. ದೊಡ್ಡ ಸೂಟ್‌ಕೇಸಿನಲ್ಲಿ ಓರೆಯಾಗಿ ಮಲಗಿಸಿ, ಸುತ್ತ ಟವೆಲು ತುರುಕಿದರೆ ಸಾಕು. ನನ್ನದು ಹಾಗೆಯೇ ಮುಂಬೈಗೆ ಬಂತು, ಅಲ್ಲಿಂದ ದೀಪಾವಳಿಗೆ ಹೊನ್ನಾವರಕ್ಕೂ ಹೋಯಿತು. ಅಳಿವೆಯ ಉಪ್ಪುನೀರಿನಲ್ಲಿ ಬಳಸಿದ ದಿನ ರೀಲನ್ನು ಸಿಹಿನೀರಿನಲ್ಲಿ ತೊಳೆದು ಒರೆಸಿ ಇಡಬೇಕು, ಇಲ್ಲದಿದ್ದರೆ ಇಪ್ಪತ್ತೈದು ಡಾಲರಿನ ರೀಲು ಒಂದೇ ವಾರಕ್ಕೆ ತುಕ್ಕು. ಅಲ್ಲಿ ಹಿಡಿದದ್ದನ್ನು ಮಾತ್ರ ಬಿಡುವುದಿಲ್ಲ. ಸಾರಿಗೆ ಹುಳಿ ಎಷ್ಟು ಹಾಕಬೇಕೆಂದು ಮೊದಲೇ ತೀರ್ಮಾನವಾಗಿರುತ್ತದೆ.